ಇಸ್ತಾಂಬುಲ್‌ಗೆ ಬೆಣ್ಣೆ, ಸಂತೇಬೆನ್ನೂರಿಗೆ ಸುಣ್ಣ

ಇಸ್ತಾಂಬುಲ್‌ಗೆ ಹೋಗಿ ಬಂದ ನಮ್ಮವರ ಪ್ರವಾಸ ಕಥನಗಳನ್ನು ಓದ್ತಾ ಇದ್ದೆ. ಅಯಾ ಸೋಫಿಯಾ ನೋಡಿ ಎಲ್ಲರಿಗೂ ಮೈ ಜುಮ್ಮೆಂದಿದೆ. ಅನ್ನಲೇಬೇಕು ಬಿಡಿ. 537ರಲ್ಲಿ ಜಸ್ಟಿನಿಯನ್ ದೊರೆ ಕಟ್ಟಿ ಮುಗಿಸಿದ ಚರ್ಚು ಅದು. 1453ರಲ್ಲಿ ಆಟೊಮನ್ನರು ಊರು ಗೆದ್ದ ಮೇಲೆ ಮಸೀದಿ, 1935ರಲ್ಲಿ ಮ್ಯೂಸಿಯಂ, 2020ರಲ್ಲಿ ಮತ್ತೆ ಮಸೀದಿ. ಪಕ್ಕದಲ್ಲೇ ನೆಲದಡಿಯ ದೊಡ್ಡ ನೀರಿನ ತೊಟ್ಟಿ, 336 ಕಂಬಗಳದ್ದು. ಎಷ್ಟೋ ಕಂಬಗಳು ಹಳೆಯ ಕಟ್ಟಡಗಳಿಂದ ತಂದವು. ಎರಡು ಕಂಬಗಳ ಬುಡದಲ್ಲಿ ಮೆಡೂಸಾಳ ತಲೆ, ಒಂದು ತಲೆಕೆಳಗು, ಇನ್ನೊಂದು ಅಡ್ಡ! ಇದನ್ನೆಲ್ಲಾ ಕಂಡು ನಮ್ಮವರು ಪದರ ಪದರ ಇತಿಹಾಸ ಅಂತ ಹಾಡಿ ಹೊಗಳಿದ್ದಾರೆ.

ಸರಿ ಸ್ವಾಮಿ, ಈಗ ಚನ್ನಗಿರಿ ತಾಲೂಕಿನ ಸಂತೇಬೆನ್ನೂರಿಗೆ ಬನ್ನಿ. ಇಲ್ಲೂ ಒಂದು ಹೊಂಡ ಇದೆ. ನಾಲ್ಕೂ ಕಡೆ ಕಲ್ಲಿನ ಮೆಟ್ಟಿಲು, ನೀರಿನ ನಡುವೆ ವಸಂತ ಮಂಟಪ. ಕಟ್ಟಿಸಿದ್ದು ಪಾಳೇಗಾರ ಹನುಮಪ್ಪ ನಾಯಕ. ಅವನೇ ಕಟ್ಟಿಸಿದ ರಂಗನಾಥನ ಗುಡಿಯನ್ನು ವಿಜಾಪುರದ ಸೇನಾಪತಿ ರಣದುಲ್ಲಾ ಖಾನ್ ಕೆಡವಿಸಿದ ಅಂತ ಹಳೇ ಗೆಜೆಟಿಯರ್ ಹೇಳುತ್ತೆ. ಹೌದು, 1638ರಲ್ಲಿ ಕೆಂಪೇಗೌಡರ ವಂಶದವರಿಂದ ಬೆಂಗಳೂರು ಕಿತ್ತುಕೊಂಡ ಅದೇ ಖಾನ್. ಅವನ ಕಾಲದ ಕಟ್ಟಡವೇ ಹೊಂಡದ ಎದುರಿನ ಮುಸಾಫಿರ್‌ಖಾನೆ.

ಪದರ ಅಂದ್ರೆ ಇದೇ ಅಲ್ವಾ? ಆದ್ರೆ ಇಲ್ಲಿಗೆ ಬಂದಾಗ ನಾವು ಮೂರು ಪಂಗಡ ಆಗ್ತೀವಿ. ಒಬ್ಬರು ಮುಸಾಫಿರ್‌ಖಾನೆ ಬೀಳದ ಹಾಗೆ ಕ್ಯಾಮೆರಾ ತಿರುಗಿಸಿ, ಹೊಂಡದ ಫೋಟೋ ಹಾಕಿ, ಆಹಾ ಅಂತಾರೆ. ಇನ್ನೊಬ್ಬರು ಕೆಡವಿದ ಕಥೆಯನ್ನಷ್ಟೇ ಬರೀತಾರೆ, ಎದುರಿಗಿರೋ ಕಮಾನುಗಳನ್ನು ಕಣ್ಣೆತ್ತಿ ನೋಡಿರಲ್ಲ. ಮೂರನೆಯವರು ಭಾವೈಕ್ಯದ ಸಂಕೇತ ಅಂತ ಒಂದು ಸಾಲು ಗೀಚಿ, ಕೆಡವಿದ ಸುದ್ದಿಯನ್ನೇ ನುಂಗಿಬಿಡ್ತಾರೆ. ಮೂವರೂ ಅರ್ಧ ನೋಡಿದವರೇ!

ಕೆಡವಿದ್ದನ್ನು ಕೆಡವಿದ್ದು ಅನ್ನೋಕೆ ಯಾಕೆ ಹೆದರಿಕೆ? ಚೆನ್ನಾಗಿ ಕಟ್ಟಿದ್ದನ್ನು ಚೆನ್ನಾಗಿದೆ ಅನ್ನೋಕೆ ಯಾಕೆ ಹೊಟ್ಟೆಕಿಚ್ಚು? ಎರಡನ್ನೂ ಒಂದೇ ಉಸಿರಲ್ಲಿ ಹೇಳಬಹುದು. ಮಂಟಪದ ಕಮಾನುಗಳನ್ನೇ ನೋಡಿ, ವಿಜಾಪುರ ನೆನಪಾಗದಿದ್ರೆ ಕೇಳಿ. ಹೊಡೆದಾಡಿದವರು ಕಟ್ಟಡ ಕಟ್ಟುವಾಗ ಒಬ್ಬರಿಂದೊಬ್ಬರು ಕಲಿತರು. ಈ ವಿಚಿತ್ರವನ್ನು ಬರೆಯೋಕೆ ಇದಕ್ಕಿಂತ ಒಳ್ಳೇ ಊರು ಬೇಕೇ? ಪುರಾತತ್ವ ಇಲಾಖೆ ಹೊಂಡ, ಮುಸಾಫಿರ್‌ಖಾನೆ ಎರಡನ್ನೂ ಒಟ್ಟಿಗೇ ಸಂರಕ್ಷಿತ ಸ್ಮಾರಕ ಅಂತ ಸೇರಿಸಿದೆ. ಬೇರೆ ಮಾಡ್ತಾ ಇರೋರು ನಾವು.

ದೂರದ ಬೆಟ್ಟ ನುಣ್ಣಗೆ, ನಿಜ. ಬೇರೆಯವರ ಗಾಯ ನಮಗೆ ನೋಯಲ್ಲ, ಅದಕ್ಕೇ ಇಸ್ತಾಂಬುಲ್‌ನಲ್ಲಿ ನಾವೆಲ್ಲ ಉದಾರಿಗಳು. ಆದ್ರೆ ಅಲ್ಲಿನವರಿಗೆ ಅದು ಹಳೇ ಕಥೆಯಲ್ಲ, 2020ರ ಜಗಳವೇ ಸಾಕ್ಷಿ. ನೋವಿರುವ ಕಡೆ ನೆಟ್ಟಗೆ ನೋಡೋದೇ ನಿಜವಾದ ಪ್ರವಾಸ. ನಾವು ಬರೀದೆ ಬಿಟ್ಟ ಅರ್ಧವನ್ನು ನಾಳೆ ವಾಟ್ಸಾಪ್ ಫಾರ್ವರ್ಡು ತುಂಬಿಸುತ್ತೆ. ಆಮೇಲೆ ಇತಿಹಾಸ ಕೆಟ್ಟೋಯ್ತು ಅಂತ ಅಳೋಕೆ ನಮಗೆ ಹಕ್ಕಿರಲ್ಲ.

ಬ್ಲಾಗು ಮಿತ್ರರೇ, ಒಂದು ಭಾನುವಾರ ದಾವಣಗೆರೆಯಿಂದ ಬಸ್ ಹತ್ತಿ. ವೀಸಾ ಬೇಡ :) ಎರಡೂ ಕಡೆ ನಿಂತು ನೋಡಿ, ಎರಡನ್ನೂ ಬರೀರಿ.