ಕೋಣನಕುಂಟೆ ಕ್ರಾಸೂ ಮೂವತ್ತನೇ ಕ್ರಾಸೂ

ಬೆಂಗಳೂರಿನ ಜಯನಗರ ನಾಲ್ಕನೇ ಬ್ಲಾಕಿನಲ್ಲಿ ಆಟೋ ಹತ್ತಿ ‘ಮೂವತ್ತನೇ ಕ್ರಾಸ್’ ಎಂದರೆ ಡ್ರೈವರ್ ಹಾಗೇ ಹೊರಡುವುದಿಲ್ಲ, ‘ಯಾವ ಮೇನ್ ಹತ್ರ ಸಾರ್?’ ಎಂದು ಕೇಳುತ್ತಾರೆ. ಕೇಳಲೇಬೇಕು. ಅಲ್ಲಿ ಕ್ರಾಸ್ ಎಂದರೆ ಉದ್ದಕ್ಕೂ ಹೋಗುವ ಒಂದು ಬೀದಿ. ಅದರಲ್ಲಿ ಎಲ್ಲಿ ಎಂಬುದು ಮೇನ್ ಹೇಳಿದ ಮೇಲೇ ಗೊತ್ತಾಗುವುದು. ಅದೇ ಆಟೋದವರಿಗೆ ‘ಕೋಣನಕುಂಟೆ ಕ್ರಾಸ್’ ಎನ್ನಿ, ಮರುಪ್ರಶ್ನೆಯಿಲ್ಲದೆ ಕನಕಪುರ ರಸ್ತೆ ಹಿಡಿಯುತ್ತಾರೆ. ಈ ಕ್ರಾಸ್ ಬೀದಿಯಲ್ಲ, ಒಂದು ಜಾಗ: ದೊಡ್ಡ ರಸ್ತೆಯಿಂದ ಊರಿಗೆ ತಿರುಗುವ ಮೂಲೆ. 2021ರ ಜನವರಿಯಲ್ಲಿ ಮೆಟ್ರೊದ ಹಸಿರು ಮಾರ್ಗ ರೇಷ್ಮೆ ಸಂಸ್ಥೆಯವರೆಗೆ ಬೆಳೆದಾಗ ಅಲ್ಲಿನ ನಿಲ್ದಾಣಕ್ಕೂ ಅದೇ ಹೆಸರು ಬಂತು. ಕೆಲವೇ ಕಿಲೋಮೀಟರ್ ಅಂತರದಲ್ಲಿ ಒಂದೇ ಪದಕ್ಕೆ ಎರಡು ಅರ್ಥ.

ಮೊದಲು ಬೀದಿಯ ಕ್ರಾಸ್. ಇಂಗ್ಲಿಷಿನಲ್ಲಿ ಕ್ರಾಸ್ ರೋಡ್ ಎಂದರೆ ದೊಡ್ಡ ರಸ್ತೆಗೆ ಅಡ್ಡಲಾಗಿ ಹಾಯುವ ಚಿಕ್ಕ ರಸ್ತೆ. ಅದರಲ್ಲಿ ಕ್ರಾಸ್ ಬರೀ ವಿಶೇಷಣ, ರಸ್ತೆ ಇರುವುದು ರೋಡ್‌ನಲ್ಲಿ. ಬೆಂಗಳೂರು ರೋಡನ್ನು ಕೈಬಿಟ್ಟು ವಿಶೇಷಣವನ್ನೇ ಬೀದಿ ಮಾಡಿಕೊಂಡಿತು. ಮೇನ್ ರೋಡಿಗೂ ಅದೇ ಗತಿ. 1948ರಲ್ಲಿ ಅಡಿಗಲ್ಲು ಬಿದ್ದ ಜಯನಗರ ಬೆಳೆದದ್ದು ಬ್ಲಾಕು, ಮೇನು, ಕ್ರಾಸುಗಳ ಲೆಕ್ಕದಲ್ಲಿ. ನಾಲ್ಕನೇ ಬ್ಲಾಕಿನಲ್ಲಿ ಮೇನ್‌ಗಳು ಹೆಚ್ಚುಕಮ್ಮಿ ಉತ್ತರ–ದಕ್ಷಿಣ, ಕ್ರಾಸ್‌ಗಳು ಪೂರ್ವ–ಪಶ್ಚಿಮ. ಎರಡು ನಂಬರು ಹೇಳಿದರೆ ಮನೆಯ ಮೂಲೆ ಸಿಕ್ಕಂತೆಯೇ. ನಡುವೆ ಹೊಸ ಬೀದಿ ಹುಟ್ಟಿದರೆ ‘ಎ ಕ್ರಾಸ್’, ‘ಬಿ ಕ್ರಾಸ್’. ಎಷ್ಟೋ ಕ್ರಾಸ್‌ಗಳು ಯಾವುದನ್ನೂ ಹಾಯುವುದಿಲ್ಲ ಎಂಬುದು ಬೇರೆ ಮಾತು; ಮೇನ್‌ವರೆಗೆ ಬಂದು ನಿಂತುಬಿಡುತ್ತವೆ, ಇಲ್ಲವೇ ಯಾರದೋ ಕಾಂಪೌಂಡಿಗೆ ತಾಗಿ ಮುಗಿಯುತ್ತವೆ. ಬೋರ್ಡಿನಲ್ಲಿ ‘ಅಡ್ಡರಸ್ತೆ’ ಎಂದಿರುತ್ತದೆ. ಸರಿಯಾದ ಪದವೇ. ಆದರೆ ಫೋನಿನಲ್ಲಿ ‘ಹದಿನೆಂಟನೇ ಅಡ್ಡರಸ್ತೆಗೆ ಬನ್ನಿ’ ಎಂದು ದಾರಿ ಹೇಳಿದವರನ್ನು ನಾನಂತೂ ಕಂಡಿಲ್ಲ.

ಊರಿನ ಕ್ರಾಸ್ ಹುಟ್ಟಿದ್ದು ಬಸ್ಸಿನಿಂದ. ಹೆದ್ದಾರಿಯ ಬಸ್ಸು ಒಳಗೆ ಹೋಗುವುದಿಲ್ಲ, ‘ಕ್ರಾಸಲ್ಲಿ ಇಳ್ಕೊಳ್ಳಿ’ ಎನ್ನುತ್ತಾರೆ ಕಂಡಕ್ಟರ್. ಒಂದು ಟೀ ಅಂಗಡಿ, ಪಂಕ್ಚರ್ ಹಾಕುವವನ ಟೈರು, ಊರ ದೇವರ ಹೆಸರಿನ ಕಮಾನು, ಅಲ್ಲಿಂದಾಚೆ ನಡಿಗೆ. ಕೋಣನಕುಂಟೆಯೂ ಹೀಗೆ ಒಳಗಿದ್ದ ಹಳ್ಳಿ. ನಗರ ಬಂದು ಹಳ್ಳಿಯನ್ನು ನುಂಗಿದರೂ ಇಳಿಯುವ ಜಾಗದ ಹೆಸರು ಹಾಗೇ ನಿಂತಿತು. ಲಂಡನ್ನಿನ ಚೇರಿಂಗ್ ಕ್ರಾಸ್ ಕೂಡ ಇಂಥದ್ದೇ ಇರಬೇಕು ಎಂದುಕೊಂಡರೆ ಅಲ್ಲ. 1290ರಲ್ಲಿ ತೀರಿಕೊಂಡ ರಾಣಿ ಎಲೆನರ್ ನೆನಪಿಗೆ ದೊರೆ ಒಂದನೇ ಎಡ್ವರ್ಡ್ ಅಲ್ಲೊಂದು ಶಿಲುಬೆ ನಿಲ್ಲಿಸಿದ್ದ. ಅವರಿಗೆ ಕ್ರಾಸ್ ಎಂದರೆ ನೆಟ್ಟ ವಸ್ತು, ನಮಗೆ ತಿರುವು.

ಮೂಲದಲ್ಲಿ ಅದು ವಸ್ತುವೇ ಹೌದು. ಲ್ಯಾಟಿನ್ನಿನ ಕ್ರುಕ್ಸ್ ಎಂದರೆ ರೋಮನ್ನರು ಅಪರಾಧಿಗಳನ್ನು ಏರಿಸುತ್ತಿದ್ದ ಮರ. ಕ್ರೈಸ್ತ ಧರ್ಮದ ಜೊತೆ ಐರ್ಲೆಂಡಿಗೆ ಹೋಗಿ ಅದು ಕ್ರೊಸ್ ಆಯಿತು. ಅಲ್ಲಿಂದ ವೈಕಿಂಗರ ಬಾಯಿಗೆ ಬಂದು ಉತ್ತರ ಇಂಗ್ಲೆಂಡಿಗೆ ಇಳಿಯಿತು. ಇಂಗ್ಲಿಷರ ಸ್ವಂತ ಪದ ರೂಡ್ ಮೂಲೆಗೆ ಸರಿಯಿತು. ಕ್ರುಸೇಡ್, ಕ್ರೂಷಿಯಲ್ ಇವೆಲ್ಲ ಅದೇ ಕ್ರುಕ್ಸ್‌ನ ಮಕ್ಕಳು. ಕ್ರೂಷಿಯಲ್‌ನ ಕಥೆ ನಮಗೆ ಹತ್ತಿರದ್ದು. ಒಂದೇ ಸಂಗತಿಗೆ ಎರಡು ವಿವರಣೆ ಇದ್ದಾಗ ಯಾವುದು ಸರಿ ಎಂದು ತೀರ್ಮಾನಿಸಿಕೊಡುವ ನಿದರ್ಶನವನ್ನು ಫ್ರಾನ್ಸಿಸ್ ಬೇಕನ್ 1620ರ ತನ್ನ ‘ನೋವಮ್ ಆರ್ಗನಮ್’ನಲ್ಲಿ ಕ್ರುಕ್ಸ್ ಎಂದು ಕರೆದ. ಅವನ ಮನಸ್ಸಿನಲ್ಲಿದ್ದದ್ದು ಗಲ್ಲುಮರವಲ್ಲ, ದಾರಿ ಕವಲೊಡೆಯುವಲ್ಲಿ ನೆಟ್ಟ ದಿಕ್ಕಿನ ಕಂಬ. ಕನ್ನಡದಲ್ಲಿ ಆ ಕಂಬ ಕೈಮರ. ಚಿಕ್ಕಮಗಳೂರಿನಿಂದ ಬಾಬಾಬುಡನ್‌ಗಿರಿಗೆ ಹೋಗುವ ದಾರಿಯಲ್ಲಿ ಕೈಮರ ಎಂಬ ಊರೇ ಇದೆ.

ಏಸುವಿನ ಶಿಲುಬೆಯನ್ನು ಮಾತ್ರ ಕನ್ನಡ ಕ್ರಾಸ್ ಎನ್ನಲಿಲ್ಲ. ನಮ್ಮ ಶಿಲುಬೆ, ತಮಿಳಿನ ಸಿಲುವೈ ಎರಡರ ಬೇರೂ ಸಿರಿಯಾಕ್ ಭಾಷೆಯ ಸ್ಲೀಬಾ. ಅರಬ್ಬಿಯ ಸಲೀಬ್ ಅದರ ದಾಯಾದಿ. ಸಿರಿಯಾಕ್ ಕೇರಳದ ಹಳೆಯ ಕ್ರೈಸ್ತರ ಪೂಜೆಯ ಭಾಷೆ. ಇಂಗ್ಲಿಷ್ ಪದ ಬೀದಿಗಿಳಿಯುವ ಹೊತ್ತಿಗೆ ಮರದ ಜಾಗ ಭರ್ತಿಯಾಗಿತ್ತು. ಹೀಗಾಗಿ ಕನ್ನಡಕ್ಕೆ ದಕ್ಕಿದ್ದು ಕ್ರಾಸ್‌ನೊಳಗಿನ ‘ಅಡ್ಡ’ ಮಾತ್ರ ಎಂದು ನನ್ನ ಊಹೆ.

ಕೋರ್ಟಿನಲ್ಲಿ ನೋಡಿ. ‘ಚೀಫ್ ಮುಗೀತು, ಕ್ರಾಸ್‌ಗೆ ಇಟ್ಟಿದಾರೆ’ ಎಂದರೆ ಓದುಬರಹ ಬಾರದ ಕಕ್ಷಿದಾರನಿಗೂ ತಿಳಿಯುತ್ತದೆ: ಸಾಕ್ಷಿ ಹೇಳಿದ್ದನ್ನು ಇನ್ನು ಎದುರು ಪಕ್ಷದ ಲಾಯರು ಕೆದಕುತ್ತಾರೆ. ಕಾಗದದಲ್ಲಿ ಅದು ಪಾಟೀಸವಾಲು. ಬ್ಯಾಂಕಿನ ಕ್ರಾಸ್ ಇನ್ನೂ ಸ್ವಾರಸ್ಯ. ಚೆಕ್ಕಿನ ಮೂಲೆಯಲ್ಲಿ ಎಳೆಯುವ ಎರಡು ಗೆರೆಗಳು ಒಂದನ್ನೊಂದು ಮುಟ್ಟುವುದೇ ಇಲ್ಲ. 1881ರ ನೆಗೋಷಿಯಬಲ್ ಇನ್‌ಸ್ಟ್ರುಮೆಂಟ್ಸ್ ಕಾಯ್ದೆಯ 123ನೇ ಕಲಂ ಹೇಳುವುದೂ ಸಮಾನಾಂತರ ಗೆರೆಗಳನ್ನೇ. ಅಡ್ಡ ಬರುವುದು ಗೆರೆಗೆ ಗೆರೆಯಲ್ಲ, ಚೆಕ್ಕಿನ ಮುಖಕ್ಕೆ ಗೆರೆ. ಅಷ್ಟಾದ ಮೇಲೆ ಹಣ ಕೌಂಟರಿನಲ್ಲಿ ಕೈಗೆ ಸಿಗುವುದಿಲ್ಲ, ಬ್ಯಾಂಕಿನ ಮೂಲಕವೇ ಹೋಗಬೇಕು.

ಇಂಗ್ಲಿಷರಿಗೆ ಕ್ರಾಸ್ ಎಂದರೆ ಸಿಡುಕು ಕೂಡ. ಹಾಯಿಹಡಗಿಗೆ ಅಡ್ಡ ಬೀಸುವ ಗಾಳಿಯಿಂದ ಬಂದಿರಬೇಕು ಎನ್ನುತ್ತಾರೆ ನಿಘಂಟುಕಾರರು. ಆ ಅರ್ಥ ನಮಗೆ ಬೇಕಾಗಲಿಲ್ಲ. ಅಡ್ಡಮಾತು, ಅಡ್ಡಗಾಲು ಮೊದಲೇ ಇದ್ದವು. ನಮ್ಮ ಅಡ್ಡ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ ಹಿರಿಯರ ಕಾಲಿಗೂ ಬೀಳುತ್ತದೆ. ಎದುರು ನಿಲ್ಲುವುದಕ್ಕೂ ಶರಣೆನ್ನುವುದಕ್ಕೂ ಅದೇ ಪದ. ಇಂಗ್ಲಿಷಿನ ಕ್ರಾಸ್‌ಗೆ ಇದು ಬಾರದ ವಿದ್ಯೆ.

ಕೊಟ್ಟಿಗೆಯಲ್ಲಿ ‘ಎಚ್‌ಎಫ್ ಕ್ರಾಸ್’ ಎಂದರೆ ಹೋಲ್‌ಸ್ಟೀನ್ ಫ್ರೀಸಿಯನ್ ಬೆರೆತ ಹಸು. ಬೆಂಗಳೂರಿನ ಆಡುಗೋಡಿಯಲ್ಲಿ 1923ರಲ್ಲಿ ಆರಂಭವಾದ ಡೇರಿ ಸಂಸ್ಥೆಗೆ ಇಂಥ ತಳಿಗಳ ಕೆಲಸ ಹೊಸದಲ್ಲ. 1927ರಲ್ಲಿ ಹಸು ಸಾಕಣೆ ತಿಳಿಯಲು ಗಾಂಧೀಜಿ ಬಂದದ್ದೂ ಅಲ್ಲಿಗೇ. ವಿಜ್ಞಾನಿಗಳು ಮಿಶ್ರತಳಿ ಎಂದು ಬರೆದರು. ರೈತರು ಕ್ರಾಸ್ ಎಂದೇ ಇಟ್ಟುಕೊಂಡರು, ಅರ್ಥವನ್ನೂ ಹಿಗ್ಗಿಸಿದರು: ನಾಟಿ ಹಸುವಿಗೆ ನಾಟಿ ಹೋರಿಯನ್ನೇ ಬಿಡಿಸಿದರೂ ಅವರ ಬಾಯಲ್ಲಿ ಅದು ‘ಕ್ರಾಸ್ ಮಾಡ್ಸಿದೀವಿ.’