ಓಡೋದಲ್ಲ, ನಿಲ್ಲೋದು ನೋಡಿ ಸ್ವಾಮಿ!

ಮೋಟಾರ್ ಸೈಕಲ್ ವಿಷಯದಲ್ಲಿ ಮೈಸೂರಿನವರಿಗೆ ಹೊರಗಿನವರು ಬಂದು ಪಾಠ ಹೇಳಬೇಕಾಗಿಲ್ಲ. 1961ರಿಂದ 1996ರವರೆಗೆ ಜಾವಾ, ಯೆಜ್ದಿ ಗಾಡಿಗಳು ತಯಾರಾಗಿದ್ದೇ ನಮ್ಮ ಐಡಿಯಲ್ ಜಾವಾ ಕಾರ್ಖಾನೆಯಲ್ಲಿ. ಅಲ್ಲಿಯ ಸಂಬಳದಲ್ಲಿ ಮಕ್ಕಳ ಮದುವೆ ಮಾಡಿದವರು, ಮನೆ ಕಟ್ಟಿದವರು ಇನ್ನೂ ನಮ್ಮ ನಡುವೆ ಇದ್ದಾರೆ. ಕಿಕ್ ಹೊಡೆಯುವ ಕಡ್ಡಿಯನ್ನೇ ಮಡಿಸಿ ಗೇರ್ ಹಾಕುತ್ತಿದ್ದ ಆ ಗಾಡಿಯ ಸದ್ದು ಕೇಳಿದರೆ ಇವತ್ತಿಗೂ ಹಳಬರ ಕಿವಿ ನೆಟ್ಟಗಾಗುತ್ತದೆ. ಆದ್ದರಿಂದ ಹುಡುಗರಿಗೆ ಬೈಕಿನ ಹುಚ್ಚು ಎಂದರೆ ಮೂಗು ಮುರಿಯುವ ಅಧಿಕಾರ ಈ ಊರಿಗಿಲ್ಲ. ಆ ಹುಚ್ಚು ಹಿಡಿಸಿದವರು ನಾವೇ!

ಆದರೆ ಈಗ ಪೇಟೆಗೆ ಬಂದಿರುವುದು ಬೇರೆ ತಳಿಯ ಕುದುರೆ. ಸವಾರ ಟ್ಯಾಂಕಿನ ಮೇಲೆ ಬೋರಲು ಮಲಗಬೇಕು. ಹಿಂದೆ ಕೂತವರು ಅಟ್ಟದ ಮೇಲೆ ಕೂತ ಹಾಗೆ ಕೂರಬೇಕು. ಇದಕ್ಕೆ ಸ್ಪೋರ್ಟ್ಸ್ ಬೈಕ್ ಎಂದು ಹೆಸರು. ಸಯ್ಯಾಜಿರಾವ್ ರಸ್ತೆಯ ಎಷ್ಟೋ ಅಂಗಡಿಗಳ ಗಲ್ಲಾಪೆಟ್ಟಿಗೆ ಹಿಂದೆ ಕೂತ ಯಜಮಾನರ ತಲೆಬಿಸಿಯೂ ಈಗ ಇದೇ. ‘ಮಗ ಊಟ ಬಿಟ್ಟು ಕೂತಿದ್ದಾನೆ, ಕೊಡಿಸ್ಲೋ ಬೇಡ್ವೋ?’

ಮಗನ ಕಡೆಯ ವಾದ ಒಂದೇ. ‘ಅಪ್ಪಾ, ಇದರ ಟಾಪ್ ಸ್ಪೀಡ್ ಎಷ್ಟು ಗೊತ್ತಾ?’ ಅಪ್ಪನ ಕಡೆಯ ಪ್ರಶ್ನೆಯೂ ಒಂದೇ. ‘ಲೀಟರಿಗೆ ಎಷ್ಟು ಕೊಡುತ್ತೆ?’ ಇಬ್ಬರೂ ಕೇಳಬೇಕಾದ ಪ್ರಶ್ನೆ ಇದಲ್ಲ ಎಂಬುದೇ ನಮ್ಮ ತಕರಾರು. ಇಂಥ ಗಾಡಿಯನ್ನು ಅಳೆಯಬೇಕಾದ್ದು ಅದು ಎಷ್ಟು ಓಡುತ್ತದೆ ಎಂಬುದರಿಂದಲ್ಲ, ಎಷ್ಟು ದೂರದಲ್ಲಿ ನಿಲ್ಲುತ್ತದೆ ಎಂಬುದರಿಂದ.

ಸ್ವಲ್ಪ ಹಿಂದಕ್ಕೆ ಹೋಗೋಣ. 1983ರಲ್ಲಿ ಎಸ್ಕಾರ್ಟ್ಸ್ ಕಂಪನಿ ಜಪಾನಿನ ಯಮಹಾ ಆರ್‌ಡಿ 350 ಗಾಡಿಯನ್ನು ರಾಜದೂತ್ ಹೆಸರಿನಲ್ಲಿ ಇಲ್ಲಿ ತಯಾರಿಸಿ ಮಾರಲು ಶುರು ಮಾಡಿತು. ಎರಡು ಸಿಲಿಂಡರ್, 347 ಸಿಸಿ. ಜಪಾನಿನಲ್ಲಿ 39 ಅಶ್ವಶಕ್ತಿ ಇದ್ದದ್ದನ್ನು ಇಲ್ಲಿಗೆ ಸುಮಾರು 30ಕ್ಕೆ, ಆಮೇಲೆ ಮೈಲೇಜಿಗಾಗಿ 27ಕ್ಕೆ ಇಳಿಸಿದರು. ಆದರೂ ಅಂದಿನ ರಸ್ತೆಯಲ್ಲಿ ಅದರ ಮುಂದೆ ಬೇರೆ ಬೈಕ್ ನಿಲ್ಲುತ್ತಿರಲಿಲ್ಲ. ಶಕ್ತಿ ಇಳಿಸಿದ್ದು ಇರಲಿ, ಇನ್ನೊಂದನ್ನೂ ಇಳಿಸಿದರು. ಜಪಾನಿನ ಗಾಡಿಯ ಮುಂದಿನ ಚಕ್ರಕ್ಕಿದ್ದ ಡಿಸ್ಕ್ ಬ್ರೇಕ್ ತೆಗೆದು ಡ್ರಮ್ ಬ್ರೇಕ್ ಹಾಕಿದರು. ಓಡುವ ಶಕ್ತಿ ಮುಕ್ಕಾಲು ಉಳಿಯಿತು, ನಿಲ್ಲುವ ಶಕ್ತಿ ಕೈಕೊಟ್ಟಿತು. ಪೆಟ್ರೋಲ್ ಕುಡಿಯುವುದು ಬೇರೆ! 1985ರಲ್ಲಿ ಕಡಿಮೆ ಖರ್ಚಿನ ಹೀರೋ ಹೋಂಡಾ ಬಂದ ಮೇಲೆ ಜನ ಆ ಕಡೆ ವಾಲಿದರು. ಆ ದಶಕ ಮುಗಿಯುವ ಹೊತ್ತಿಗೆ ರಾಜದೂತ್ 350 ಕಥೆಯೂ ಮುಗಿಯಿತು. ಇವತ್ತು ಅದನ್ನು ಲಕ್ಷಗಟ್ಟಲೆ ಕೊಟ್ಟು ಕೊಳ್ಳುವ ಅಭಿಮಾನಿಗಳಿದ್ದಾರೆ. ಅವರು ಕೂಡ ಬ್ರೇಕನ್ನು ಮಾತ್ರ ಹೊಗಳುವುದಿಲ್ಲ.

ಈಗಿನ ಲೆಕ್ಕ ನೋಡಿ. ಪಕ್ಕದ ಹೊಸೂರಿನ ಟಿವಿಎಸ್ 2017ರಲ್ಲಿ ತಂದ ಅಪಾಚೆ ಆರ್‌ಆರ್ 310 ಬೈಕಿಗೆ ಆಗಲೇ 34 ಅಶ್ವಶಕ್ತಿ. ಕೆಟಿಎಂ ಆರ್‌ಸಿ 390ಗೆ 43ರ ಮೇಲೆ. ಅಂದರೆ ಒಂದು ಕಾಲಕ್ಕೆ ದೇಶವೇ ಬಾಯಿ ಬಿಟ್ಟು ನೋಡಿದ ಗಾಡಿಗಿಂತ ಜೋರಾದದ್ದು ಈಗ ಕಾಲೇಜು ಹುಡುಗನ ಕೈಗೆ ಕಂತಿನಲ್ಲಿ ಸಿಗುತ್ತದೆ. ಬ್ರೇಕೂ ಸುಧಾರಿಸಿದೆ, ಸುಳ್ಳಲ್ಲ. 125 ಸಿಸಿಗಿಂತ ದೊಡ್ಡ ಬೈಕುಗಳಿಗೆಲ್ಲ 2019ರ ಏಪ್ರಿಲ್‌ನಿಂದ ಎಬಿಎಸ್ ಕಡ್ಡಾಯ. ಬ್ರೇಕ್ ಅದುಮಿದಾಗ ಚಕ್ರ ಬಿಗಿದು ಜಾರದಂತೆ ಅದು ನೋಡಿಕೊಳ್ಳುತ್ತದೆ. ಆದರೆ ಎಬಿಎಸ್ ಇದೆ ಎಂದು ಯಮಧರ್ಮ ರಜೆ ಹಾಕುವುದಿಲ್ಲ.

ಬಸ್ಸಿನಲ್ಲಿ ಓಡಾಡುವವರಿಗೆ ಅರ್ಥವಾಗುವಂತೆ ಹೇಳುತ್ತೇವೆ. ಒಣಗಿದ ಡಾಂಬರು, ಒಳ್ಳೆಯ ಟೈರು, ಒಳ್ಳೆಯ ಬ್ರೇಕು ಎಂದೇ ಇಟ್ಟುಕೊಳ್ಳಿ. ಅಡ್ಡ ಬಂದ ದನ ಕಣ್ಣಿಗೆ ಬಿದ್ದು ಕೈ ಬ್ರೇಕಿಗೆ ಹೋಗಲು ಒಂದು ಸೆಕೆಂಡು ಬೇಕು. ಗಂಟೆಗೆ 50 ಕಿಲೋಮೀಟರಿನಲ್ಲಿ ಹೋಗುತ್ತಿದ್ದರೆ ಆ ಒಂದು ಸೆಕೆಂಡಿಗೆ 14 ಮೀಟರ್, ಬ್ರೇಕ್ ಹಿಡಿದ ಮೇಲೆ ಮತ್ತೆ 14 ಮೀಟರ್, ಒಟ್ಟು ಸುಮಾರು 28 ಮೀಟರಿಗೆ ಗಾಡಿ ನಿಲ್ಲುತ್ತದೆ. ನಮ್ಮ ಸಿಟಿ ಬಸ್ಸುಗಳನ್ನು ಸಾಲಾಗಿ ನಿಲ್ಲಿಸಿದರೆ ಎರಡೂವರೆ ಬಸ್ಸಿನ ಉದ್ದ. 100ರಲ್ಲಿ ಹೋದರೆ ಸುಮಾರು 83 ಮೀಟರ್, ಅಂದರೆ ಏಳು ಬಸ್ಸು. 150ರಲ್ಲಿ ಹೋದರೆ 166 ಮೀಟರ್, ಹದಿನಾಲ್ಕು ಬಸ್ಸು! ವೇಗ ಎರಡರಷ್ಟಾದರೆ ಬ್ರೇಕಿನ ದೂರ ನಾಲ್ಕರಷ್ಟು. ಇದು ಯಾವ ಕಂಪನಿಯ ಬೈಕಿಗೂ ರಿಯಾಯಿತಿ ಕೊಡದ ಲೆಕ್ಕ. ಮೇಲೆ ಮರಳು, ಮಳೆ, ಸವೆದ ಟೈರು ಸೇರಿದರೆ ಇನ್ನೂ ನಾಲ್ಕು ಬಸ್ಸು ಸೇರಿಸಿಕೊಳ್ಳಿ.

ಲೆಕ್ಕ ತಪ್ಪಿದರೆ ಏನಾಗುತ್ತದೆ ಎಂಬುದಕ್ಕೆ ಕೇಂದ್ರ ಸರ್ಕಾರದ ಅಂಕಿ ಸಂಖ್ಯೆಯೇ ಸಾಕು. 2022ರಲ್ಲಿ ದೇಶದ ರಸ್ತೆಗಳಲ್ಲಿ ಸತ್ತವರು 1,68,491 ಮಂದಿ. ಅವರಲ್ಲಿ ನೂರಕ್ಕೆ 44ಕ್ಕೂ ಹೆಚ್ಚು ಜನ ದ್ವಿಚಕ್ರ ವಾಹನದಲ್ಲಿದ್ದವರು. ನೂರಕ್ಕೆ 71 ಸಾವುಗಳಿಗೆ ಬರೆದಿರುವ ಕಾರಣ ಅತಿವೇಗ. ಹೆಲ್ಮೆಟ್ ಇಲ್ಲದೆ ಸತ್ತವರೇ 50 ಸಾವಿರ! ಈ ಪಟ್ಟಿಯಲ್ಲಿ ಎಷ್ಟು ಮನೆಗಳ ಒಬ್ಬನೇ ಮಗ ಇದ್ದಾನೋ!

ಇನ್ನು ಲೈಸೆನ್ಸಿನ ಚೋದ್ಯ ಕೇಳಿ. ನಮ್ಮಲ್ಲಿ ‘ಗೇರ್ ಇರುವ ಮೋಟಾರ್ ಸೈಕಲ್’ ಎಂದು ಒಂದೇ ತರಗತಿ. 100 ಸಿಸಿ ಬೈಕಿನಲ್ಲಿ ಎಂಟರ ಆಕಾರ ಬರೆದು ಪಾಸಾದವನು ಅದೇ ಲೈಸೆನ್ಸಿನಲ್ಲಿ ಮರುದಿನ 1340 ಸಿಸಿಯ ಸುಜುಕಿ ಹಯಾಬುಸಾ ಹತ್ತಬಹುದು. ಅದಕ್ಕೆ 190 ಅಶ್ವಶಕ್ತಿಯ ಆಸುಪಾಸು. ಸಣ್ಣ ಮಾರುತಿ ಕಾರಿನ ಎರಡರಷ್ಟಕ್ಕೂ ಮಿಕ್ಕಿದ ಬಲ, ತೂಕ ಮಾತ್ರ ಅದರ ಅರ್ಧಕ್ಕೂ ಕಡಿಮೆ. ಕಾನೂನಿನ ಪ್ರಕಾರ ಇದರಲ್ಲಿ ತಪ್ಪೇನೂ ಇಲ್ಲ! ಯೂರೋಪ್ ಒಕ್ಕೂಟದ ದೇಶಗಳಲ್ಲಿ ಹೀಗೆ ನಡೆಯುವುದಿಲ್ಲ. ಹದಿನೆಂಟರ ಹುಡುಗನಿಗೆ ಸುಮಾರು 47 ಅಶ್ವಶಕ್ತಿವರೆಗೆ ಮಾತ್ರ ಅನುಮತಿ. ಎರಡು ವರ್ಷ ಅದರಲ್ಲಿ ಪಳಗಿದ ಮೇಲೆ ದೊಡ್ಡ ಗಾಡಿ. ನೇರವಾಗಿ ದೊಡ್ಡದೇ ಬೇಕೆಂದರೆ 24 ವರ್ಷ ತುಂಬುವವರೆಗೆ ಕಾಯಬೇಕು. ಇಲ್ಲಿ ಅಂಥ ಮೆಟ್ಟಿಲು ಕಟ್ಟಬೇಕಾದವರು ದಿಲ್ಲಿಯವರು. ಅವರು ಕಟ್ಟುವವರೆಗೆ ಆ ಮೆಟ್ಟಿಲನ್ನು ಮನೆಯ ಯಜಮಾನನೇ ಕಟ್ಟಬೇಕು. ಮೊದಲು 150 ಸಿಸಿಯದು, ಎರಡು ಮಳೆಗಾಲ ಕಳೆದ ಮೇಲೆ ಮುಂದಿನ ಮಾತು.

ಕೊಡಿಸುವುದೇ ಎಂದಾದರೆ ಖರ್ಚಿನ ಲೆಕ್ಕವನ್ನೂ ಪೂರ್ತಿ ಹಾಕಿ. ಷೋರೂಮಿನವರು ಹೇಳುವುದು ಕಂತಿನ ಹಣ ಮಾತ್ರ. 2025ರ ಸೆಪ್ಟೆಂಬರ್ 22ರಿಂದ 350 ಸಿಸಿವರೆಗಿನ ಬೈಕಿಗೆ ಜಿಎಸ್‌ಟಿ ನೂರಕ್ಕೆ 18, ಅದನ್ನು ದಾಟಿದರೆ 40. ಮೂರನೆಯವರ ವಿಮೆಯೂ ಹಾಗೆಯೇ. 2022ರಲ್ಲಿ ನಿಗದಿಯಾದ ದರದಲ್ಲಿ 150 ಸಿಸಿ ದಾಟಿ 350 ಸಿಸಿವರೆಗಿನದಕ್ಕೆ ವರ್ಷಕ್ಕೆ 1,366 ರೂಪಾಯಿ, ಅದಕ್ಕೂ ಮೇಲಿನದಕ್ಕೆ 2,804. ರಸ್ತೆ ಹಿಡಿಯಲೆಂದು ಮೆತ್ತಗಿನ ರಬ್ಬರಿನಲ್ಲಿ ಮಾಡಿದ ಟೈರು ಬೇಗ ಸವೆಯುತ್ತದೆ, ಬೆಲೆಯೂ ಮಾಮೂಲಿ ಟೈರಿನ ಹಲವು ಪಟ್ಟು. ಚೈನು ತೊಳೆದು ಎಣ್ಣೆ ಕಾಣಿಸುತ್ತಲೇ ಇರಬೇಕು. ಬಿದ್ದರೆ ಒಡೆಯುವುದು ಬರೀ ಮಂಡಿಯಲ್ಲ, ಸುತ್ತಲಿನ ಪ್ಲಾಸ್ಟಿಕ್ ಹೊದಿಕೆಯೂ ಒಡೆಯುತ್ತದೆ. ಕುದುರೆ ಕೊಂಡ ಮೇಲೆ ಲಗಾಮಿಗೆ ಜಿಪುಣತನ ಮಾಡುವಂತಿಲ್ಲ. ಹೆಲ್ಮೆಟ್, ಜಾಕೆಟ್, ಕೈಗವಸು, ಬೂಟಿನ ಹಣವನ್ನು ಬೈಕಿನ ಬೆಲೆಯೊಳಗೇ ಸೇರಿಸಿ ನೋಡಿ. ಆ ಮೊತ್ತ ಕೈಗೆ ಎಟುಕದಿದ್ದರೆ ಗಾಡಿಯೂ ಎಟುಕಲಿಲ್ಲ ಎಂದೇ ಅರ್ಥ.

ಸೆಕೆಂಡ್ ಹ್ಯಾಂಡ್ ನೋಡುವವರಿಗೂ ನಾಲ್ಕು ಮಾತು. ಮಿರಮಿರ ಮಿಂಚುವ ಬಣ್ಣಕ್ಕೆ ಮರುಳಾಗಬೇಡಿ. ಬ್ರೇಕು, ಕ್ಲಚ್ಚಿನ ಲಿವರ್ ತುದಿ, ಕಾಲಿಡುವ ಕಡ್ಡಿ ಉಜ್ಜಿಹೋಗಿದ್ದರೆ ಗಾಡಿ ಬಿದ್ದಿರಬಹುದು. ಮುಂದಿನ ಫೋರ್ಕಿನಲ್ಲಿ ಎಣ್ಣೆ ಜಿನುಗುತ್ತಿದೆಯೇ, ಚೈನ್ ಚಕ್ರದ ಹಲ್ಲು ಕೊಕ್ಕೆಯಂತೆ ಬಾಗಿದೆಯೇ, ಬ್ರೇಕ್ ಡಿಸ್ಕಿನ ಅಂಚು ಬದುವಿನಂತೆ ಎದ್ದು ನಿಂತಿದೆಯೇ ನೋಡಿ. ಟೈರಿನ ಪಕ್ಕದಲ್ಲಿ ನಾಲ್ಕು ಅಂಕೆ ಇರುತ್ತದೆ. ಮೊದಲೆರಡು ವಾರ, ಕೊನೆಯೆರಡು ವರ್ಷ. ‘2319’ ಎಂದಿದ್ದರೆ 2019ರ ಇಪ್ಪತ್ಮೂರನೇ ವಾರದ ಟೈರು. ಹಲ್ಲು ಚೆನ್ನಾಗಿದ್ದರೂ ರಬ್ಬರು ಮುದಿಯಾಗಿದೆ ಎಂದು ತಿಳಿಯಿರಿ. ಆರ್‌ಸಿ ಪುಸ್ತಕದಲ್ಲಿ ಹಿಂದಿನವರ ಸಾಲದ ನಮೂದು ಅಳಿಸಿದೆಯೇ ಎಂದು ನೋಡದೆ ಮುಂಗಡ ಎಣಿಸಬೇಡಿ.

‘ಇಷ್ಟೆಲ್ಲ ಕೊಟ್ಟು ಓಡಿಸೋದು ಎಲ್ಲಿ?’ ಎಂದು ಯಜಮಾನರು ಕೇಳಿದರೆ ಅದೂ ನ್ಯಾಯವೇ. ಬೆಂಗಳೂರು-ಮೈಸೂರು ಹೆದ್ದಾರಿಯ ಮುಖ್ಯ ದಾರಿಗೆ 2023ರ ಆಗಸ್ಟ್ 1ರಿಂದ ಬೈಕುಗಳಿಗೆ ಪ್ರವೇಶವಿಲ್ಲ, ಪಕ್ಕದ ಸರ್ವಿಸ್ ರಸ್ತೆಯೇ ಗತಿ. ಅಲ್ಲಿ ದನ, ಟ್ರ್ಯಾಕ್ಟರು, ಶಾಲೆ ಮಕ್ಕಳು ಎಲ್ಲ ಇದ್ದಾರೆ. ವೇಗದ ಆಸೆ ತೀರಲೇಬೇಕೆಂದರೆ ಕೊಯಮತ್ತೂರಿನ ಕರಿ ಸ್ಪೀಡ್‌ವೇ ಇದೆ, ಶ್ರೀಪೆರಂಬದೂರಿನ ಹತ್ತಿರ ಮದ್ರಾಸ್ ರೇಸ್ ಟ್ರ್ಯಾಕ್ ಇದೆ. ಅಲ್ಲಿ ಎದುರಿನಿಂದ ಯಾರೂ ಬರುವುದಿಲ್ಲ. ಚಾಮುಂಡಿ ಬೆಟ್ಟದ ತಿರುವು ರೇಸ್ ಟ್ರ್ಯಾಕ್ ಅಲ್ಲ, ಅದು ತಾಯಿಯ ದರ್ಶನಕ್ಕೆ ಹೋಗುವ ದಾರಿ.

ಹದಿನೆಂಟು ತುಂಬದ ಮಗನಿಗೆ ಬೀಗದ ಕೈ ಕೊಟ್ಟವರು ಒಂದು ಮಾತು ನೆನಪಿಡಲಿ. 2019ರ ತಿದ್ದುಪಡಿಯಂತೆ ಸಿಕ್ಕಿಬೀಳುವವರು ಪೋಷಕರು ಅಥವಾ ಗಾಡಿಯ ಮಾಲೀಕರು. 25 ಸಾವಿರ ದಂಡ, ಮೂರು ವರ್ಷದವರೆಗೆ ಜೈಲು, ಗಾಡಿಯ ನೋಂದಣಿ ಒಂದು ವರ್ಷ ರದ್ದು. ಸೈಲೆನ್ಸರ್ ಬದಲಿಸಿ ಬಸ್ ಸ್ಟ್ಯಾಂಡಿನಲ್ಲಿ ನಿಂತ ಮುದುಕರ ಎದೆ ನಡುಗಿಸುವವರಿಗೂ 10 ಸಾವಿರದವರೆಗೆ ದಂಡವಿದೆ. ಕಾನೂನು ಪುಸ್ತಕದಲ್ಲಿದೆ, ಬೀದಿಗೆ ಇಳಿದು ಬರಬೇಕಷ್ಟೆ.

ನಾವು ಕೇಳುವುದು ಹೆಚ್ಚೇನಲ್ಲ. ಷೋರೂಮಿನವರು ಬೆಲೆಪಟ್ಟಿಯ ಪಕ್ಕದಲ್ಲೇ ಟೈರು, ಬ್ರೇಕ್ ಪ್ಯಾಡ್, ಸರ್ವಿಸಿನ ಖರ್ಚನ್ನೂ ಬರೆದು ತೂಗುಹಾಕಲಿ. ಬೈಕ್ ಕೊಂಡವನಿಗೆ ಐಎಸ್ಐ ಮುದ್ರೆಯ ಹೆಲ್ಮೆಟ್ ಕೊಡಬೇಕೆಂಬ ನಿಯಮ ಇದೆ, ಅದು ಬಿಲ್ಲಿನಲ್ಲಿ ಕಾಣಿಸಲಿ. ಸಾರಿಗೆ ಇಲಾಖೆಯವರು ಎಂಟು ಬರೆಸಿ ಕಳಿಸುವುದರ ಜೊತೆಗೆ ಬ್ರೇಕ್ ಹಿಡಿದು ನಿಲ್ಲಿಸುವುದನ್ನೂ ಪರೀಕ್ಷಿಸಲಿ. ಸಂಬಂಧಪಟ್ಟವರು ಇತ್ತ ಗಮನ ಹರಿಸುವರೇ?

ಅವರು ಹರಿಸಲಿ ಬಿಡಲಿ, ಯಜಮಾನರೇ, ನಿಮ್ಮ ಕೈಯಲ್ಲಿರುವ ಕೆಲಸ ನೀವು ಮಾಡಿ. ಸಾಲದ ಪತ್ರಕ್ಕೆ ಜಾಮೀನು ಸಹಿ ಹಾಕುವ ಮೊದಲು ಮಗನನ್ನು ಕೂರಿಸಿಕೊಂಡು ಒಂದೇ ಪ್ರಶ್ನೆ ಕೇಳಿ: ‘ನೂರರಲ್ಲಿ ಹೋಗ್ತಾ ಇದ್ದರೆ ಎಷ್ಟು ದೂರಕ್ಕೆ ನಿಲ್ಸ್ತೀಯೋ?’ ಏಳು ಬಸ್ಸು ಎಂದು ತಡವರಿಸದೆ ಹೇಳುವ ಹುಡುಗನಿಗೆ ಧಾರಾಳವಾಗಿ ಕೊಡಿಸಿ. ಗೊತ್ತಿಲ್ಲ ಎಂದರೆ ಇನ್ನೊಂದು ವರ್ಷ ಸಿಟಿ ಬಸ್ಸಿನ ಪಾಸೇ ಇರಲಿ.