ಬಾನಿನ ಬೇಲಿಯನ್ನು ಕೀಳುವವರಾರು?

ಡಿಸಿ ಕಾಮಿಕ್ಸ್‌ನ 'ಜಸ್ಟಿಸ್ ಲೀಗ್' ವೀರರು 1970ರಲ್ಲಿ ಬೆಟ್ಟದ ಗವಿಯನ್ನು ತೊರೆದು, ಭೂಮಿಯಿಂದ 22,300 ಮೈಲಿ ಎತ್ತರದ ಉಪಗ್ರಹದಲ್ಲಿ ನೆಲೆಗೊಂಡರು. ಮುಂದೆ ಅವರ ನೆಲೆ 'ವಾಚ್‌ಟವರ್' ಎನಿಸಿತು. ಒಮ್ಮೆ ಚಂದ್ರನ ಮೇಲೆ, ಒಮ್ಮೆ ಕಕ್ಷೆಯಲ್ಲಿ. ಈ ಎತ್ತರವನ್ನು ಭವ್ಯತೆಯೆಂದು ಕೊಂಡಾಡುವವರೊಡನೆ ನಮಗೆ ತಕರಾರಿದೆ. ಕಾವಲುಗಾರ ಅಷ್ಟು ಮೇಲೇರಿದರೆ, ಅವನ ಕಾವಲಿನಲ್ಲಿರುವವರು ಕದ ತಟ್ಟಿ ಲೆಕ್ಕ ಕೇಳುವುದೆಲ್ಲಿ?

ಈ ಅಳುಕು ಆ ಕಥೆಗಳಲ್ಲಿಯೇ ಇದೆ. 2004ರ 'ಐಡೆಂಟಿಟಿ ಕ್ರೈಸಿಸ್'ನಲ್ಲಿ, ಉಪಗ್ರಹದೊಳಗೆ ಘೋರ ಅಪರಾಧವೆಸಗಿದ ಡಾಕ್ಟರ್ ಲೈಟ್‌ನ ಮನಸ್ಸನ್ನೇ ವೀರರು ತಮ್ಮೊಳಗೆ ಮತ ಹಾಕಿಕೊಂಡು ತಿದ್ದುತ್ತಾರೆ. ತಡೆಯಬಂದ ಬ್ಯಾಟ್‌ಮನ್‌ನ ನೆನಪನ್ನೂ ಅಳಿಸುತ್ತಾರೆ. ವಿಚಾರಣೆಯಿಲ್ಲ, ದಾಖಲೆಯಿಲ್ಲ, ಮೇಲ್ಮನವಿಯಿಲ್ಲ. 'ಜಸ್ಟಿಸ್ ಲೀಗ್ ಅನ್‌ಲಿಮಿಟೆಡ್' ಅನಿಮೇಷನ್ ಸರಣಿಯಲ್ಲಂತೂ ವಾಚ್‌ಟವರ್‌ನಲ್ಲಿ ಮಹಾ ಫಿರಂಗಿಯೇ ಇದೆ. ಲೆಕ್ಸ್ ಲೂಥರ್ ಅದನ್ನು ವಶಪಡಿಸಿಕೊಂಡು ಭೂಮಿಯತ್ತಲೇ ಸಿಡಿಸುತ್ತಾನೆ.

ಸಜ್ಜನರ ಕೈಯಲ್ಲಿರುವ ಅಧಿಕಾರಕ್ಕೆ ಲಗಾಮು ಬೇಡವೆನ್ನುವವರಿಗೆ ಇದೇ ಉತ್ತರ. ಸಜ್ಜನರೂ ಕತ್ತಲಲ್ಲಿ ಕೈಚಾಚುತ್ತಾರೆ. ಅವರು ಕಟ್ಟಿದ್ದು ದುರ್ಜನರ ಕೈಗೂ ಸಿಗುತ್ತದೆ.

ಬೇಲಿಯೇ ಎದ್ದು ಹೊಲ ಮೇಯುವ ಮಾತನ್ನು ನಾವೆಲ್ಲ ಬಲ್ಲೆವು. ಗಾದೆಯ ಬೇಲಿ ಹೊಲದಂಚಿನಲ್ಲಾದರೂ ಇತ್ತು, ರೈತನ ಕೈಗೆಟುಕುತ್ತಿತ್ತು. ಬಾನಿನಲ್ಲಿ ನೆಟ್ಟ ಬೇಲಿಯನ್ನು ಕೀಳುವವರಾರು?